ಮೊದಲ ಇಸಿಜಿ ಸರಿ ಇದ್ದವರ ಪಾಡೇನು? ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಇಲಾಖೆಯ ಹಿರಿಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ತಾಲ್ಲೂಕು ಆಸ್ಪತ್ರೆಯೊಂದರ ಕ್ಯಾಶುಯಾಲ್ಟಿಯಲ್ಲಿ ಕೆಲಸ ಮಾಡುವ ವೈದ್ಯ. ಎದೆನೋವು ಅಂತ ಯಾರೂ ಬಾರದ ಡ್ಯೂಟಿ ನನಗೆ ನೆನಪಿಲ್ಲ. ಬೆಳಿಗ್ಗೆ ತೋಟದ ಕೆಲಸದಿಂದ ನೇರವಾಗಿ ಬರುತ್ತಾರೆ. ರಾತ್ರಿ ಊಟ ಮಾಡಿ ಮಲಗಿದವರು ಎರಡು ಗಂಟೆಗೆ ಎದ್ದು ಬರುತ್ತಾರೆ. ಕೆಲವರು ಆಟೊದಲ್ಲಿ, ಕೆಲವರು ಮಗನ ಬೈಕಿನ ಹಿಂದೆ ಕೂತು.

ಈ ಪತ್ರದಲ್ಲಿ ನನ್ನದು ಒಂದೇ ಕೋರಿಕೆ. ಎದೆನೋವಿಗೆ ಬಂದು, ಮೊದಲ ಇಸಿಜಿಯಲ್ಲಿ ದೊಡ್ಡದೇನೂ ಕಾಣದವರನ್ನು ಹೇಗೆ ನೋಡಬೇಕು? ಎಷ್ಟು ಹೊತ್ತು ಇಟ್ಟುಕೊಳ್ಳಬೇಕು? ಯಾವಾಗ ಮನೆಗೆ ಕಳಿಸಬಹುದು, ಯಾರನ್ನು ಖಂಡಿತ ಕಳಿಸಬಾರದು? ಇದಕ್ಕೆ ರಾಜ್ಯದ ಎಲ್ಲ ಸರ್ಕಾರಿ ಆಸ್ಪತ್ರೆಗಳಿಗೂ ಅನ್ವಯಿಸುವ ಒಂದು ಲಿಖಿತ ಕ್ರಮ ಬೇಕು. ಅದನ್ನು ಪಾಲಿಸಲು ಬೇಕಾದ ರಕ್ತಪರೀಕ್ಷೆ, ಮಂಚ, ಜನ ಎಲ್ಲವೂ ಅದರ ಜೊತೆಗೇ ಬರಬೇಕು.

ಮೊದಲು ಕೃತಜ್ಞತೆ ಹೇಳಬೇಕು. ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿಗೆ ತೀರಿಕೊಂಡಾಗ ಇಡೀ ರಾಜ್ಯ ತನ್ನ ಎದೆ ಮುಟ್ಟಿ ನೋಡಿಕೊಂಡಿತು. ಮುಂದೆ ಅವರ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ಕೂಡಲೇ ನೋಡಿ ಹೇಳುವ ವ್ಯವಸ್ಥೆ ಆಯಿತು. ದೊಡ್ಡ ಹೃದಯಾಘಾತ ಅಂತ ಖಚಿತವಾದರೆ, ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ ಆಗುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನು ಉಚಿತವಾಗಿ ಅಲ್ಲೇ ಸಿಗುತ್ತದೆ. ಆ ಇಂಜೆಕ್ಷನ್ನಿನಿಂದ ರಕ್ತನಾಳದ ಹೆಪ್ಪು ಕರಗಿ, ರೋಗಿಯ ಮುಖದ ಬಣ್ಣ ತಿರುಗುವುದನ್ನು ನೋಡಿದ ಯಾವ ಡ್ಯೂಟಿ ಡಾಕ್ಟರೂ ಈ ಯೋಜನೆಯ ಬಗ್ಗೆ ಹಗುರವಾಗಿ ಮಾತಾಡುವುದಿಲ್ಲ.

ಆದರೆ ಈ ಯೋಜನೆಯ ಬಾಗಿಲು ತೆರೆಯುವುದು ಇಸಿಜಿಯಲ್ಲಿ ಎಸ್‌ಟಿ ಅನ್ನುವ ಗೆರೆ ಮೇಲೆದ್ದವರಿಗೆ. ಸ್ಟೆಮಿ ಅಂತ ನಾವು ಕರೆಯುವ ಹೃದಯಾಘಾತ ಅದು. ಉಳಿದವರ ಕಥೆ ಏನು?

ಈ ಉಳಿದವರು ಕಡಿಮೆ ಜನ ಅಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯರು ಮುಂದೆ ನಿಂತು ನಡೆಸಿದ ಕ್ರಿಯೇಟ್ ಅನ್ನುವ ದೊಡ್ಡ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ದೇಶದ 50 ನಗರಗಳ 89 ಆಸ್ಪತ್ರೆಗಳ 20,468 ರೋಗಿಗಳ ಲೆಕ್ಕ ಅದರಲ್ಲಿದೆ. ಹೃದಯದ ರಕ್ತನಾಳಕ್ಕೆ ತಟ್ಟನೆ ತೊಂದರೆಯಾಗಿ ದಾಖಲಾದ ಅವರಲ್ಲಿ ಸ್ಟೆಮಿ ಇದ್ದವರು ನೂರಕ್ಕೆ 60ರಷ್ಟು. ಅಂದರೆ ಹತ್ತರಲ್ಲಿ ನಾಲ್ವರಿಗೆ ತೊಂದರೆ ನಿಜವಾಗಿಯೂ ಹೃದಯದ್ದೇ, ಆದರೆ ಇಸಿಜಿಯಲ್ಲಿ ಆ ಎದ್ದು ಕಾಣುವ ಗುರುತು ಇರಲಿಲ್ಲ. ಇದು ದಾಖಲಾದವರ ಮಾತು. ಯಾರೂ ಗುರುತಿಸದೆ ಮನೆಗೆ ಹೋದವರು ಇಂಥ ಲೆಕ್ಕಕ್ಕೇ ಬರುವುದಿಲ್ಲ.

ಸಾಮಾನ್ಯ ಓದುಗರೂ ಈ ಪತ್ರ ಓದಲಿ ಅಂತ ಒಂದು ವಿಷಯ ಬಿಡಿಸಿ ಹೇಳುತ್ತೇನೆ. ಇಸಿಜಿ ಅಂದರೆ ಹೃದಯದ ವಿದ್ಯುತ್ತಿನ ಹತ್ತು ಸೆಕೆಂಡಿನ ಫೋಟೊ ಇದ್ದ ಹಾಗೆ. ಆ ಹತ್ತು ಸೆಕೆಂಡಿನಲ್ಲಿ ಕಂಡದ್ದನ್ನು ಮಾತ್ರ ಅದು ಹೇಳುತ್ತದೆ. ರಕ್ತನಾಳ ಅರ್ಧ ಮುಚ್ಚಿರಬಹುದು. ಹೆಪ್ಪು ಒಮ್ಮೆ ಕಟ್ಟಿ, ಒಮ್ಮೆ ಸಡಿಲಾಗುತ್ತಿರಬಹುದು. ಹೃದಯದ ಹಿಂಬದಿಗೆ ರಕ್ತ ಕೊಡುವ ನಾಳ ಮುಚ್ಚಿದ್ದರೆ ಎದೆಯ ಮುಂದೆ ಅಂಟಿಸಿದ ತಂತಿಗಳಿಗೆ ಅದು ಸರಿಯಾಗಿ ಸಿಗದೇ ಇರಬಹುದು. ಬೆನ್ನಿನ ಕಡೆಗೂ ಲೀಡ್ ಹಾಕಿ ನೋಡಿದರೆ ಮಾತ್ರ ಗೊತ್ತಾಗುವ ಹೃದಯಾಘಾತಗಳಿವೆ. ನೋವು ಪೂರ್ತಿ ನಿಂತ ಮೇಲೆ ಇಸಿಜಿಯಲ್ಲಿ ಟಿ ಅಲೆ ತಿರುಗಿಕೊಂಡು, ಮುಖ್ಯ ರಕ್ತನಾಳ ಅಪಾಯದಲ್ಲಿದೆ ಅಂತ ಆಗ ಹೇಳುವುದೂ ಉಂಟು. ಹಾಗಾಗಿ ಅನುಮಾನ ಇದ್ದವರಿಗೆ ಮೊದಲ ಒಂದು ಗಂಟೆಯಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ ಇಸಿಜಿ ಮತ್ತೆ ತೆಗೆಯಬೇಕು ಅಂತ ಅಮೆರಿಕದ ಹೃದ್ರೋಗ ಸಂಘಗಳ ಮಾರ್ಗಸೂಚಿ ಹೇಳುತ್ತದೆ. ಮೊದಲನೆಯದು ರೋಗಿ ಬಂದ 10 ನಿಮಿಷದೊಳಗೆ ಆಗಬೇಕು ಅನ್ನುವುದು ಎಲ್ಲರೂ ಒಪ್ಪಿದ ಮಾತು.

ನಮ್ಮಲ್ಲಿ ಆಗುವುದೇನು? ಎರಡು ರೀತಿ ಆಗುತ್ತದೆ, ಎರಡೂ ತಪ್ಪು.

ಒಂದು, ಇಸಿಜಿ ನಾರ್ಮಲ್ ಬಂತು ಅಂದ ಕೂಡಲೇ ಗ್ಯಾಸ್ಟ್ರಿಕ್ ಅಂತ ತೀರ್ಮಾನ. ಒಂದು ಪ್ಯಾಂಟೊಪ್ರಜೋಲ್ ಇಂಜೆಕ್ಷನ್ನು, ಒಂದು ಬಾಟಲಿ ಸಿರಪ್ಪು, ಖಾರ ಕಡಿಮೆ ತಿನ್ನಿ ಅನ್ನುವ ಮಾತು. ರೋಗಿಗೂ ಸಮಾಧಾನ, ಮನೆಯವರಿಗೂ ಸಮಾಧಾನ. ಸಿರಪ್ಪು ಕುಡಿದ ಮೇಲೆ ಉರಿ ಕಡಿಮೆ ಆದರೆ ತೀರ್ಮಾನ ಇನ್ನೂ ಗಟ್ಟಿಯಾಗುತ್ತದೆ. ಆದರೆ ಆಂಟಾಸಿಡ್‌ಗೆ ನೋವು ಇಳಿದರೆ ಅದು ಹೃದಯದ್ದಲ್ಲ ಅಂತ ಹೇಳಲು ಬರುವುದಿಲ್ಲ. ನಾಲಿಗೆಯಡಿ ಇಡುವ ಮಾತ್ರೆಗೆ ನೋವು ಇಳಿದರೆ ಅದು ಹೃದಯದ್ದೇ ಅಂತಲೂ ಹೇಳಲು ಬರುವುದಿಲ್ಲ. ಇವೆರಡೂ ಬಹಳ ಸಲ ಪರೀಕ್ಷಿಸಿ ನೋಡಿದ ಸಂಗತಿಗಳು. ಆದರೂ ಈ ನಂಬಿಕೆ ನಮ್ಮ ಕ್ಯಾಶುಯಾಲ್ಟಿಗಳಿಂದ ಹೋಗಿಲ್ಲ.

ಇನ್ನೊಂದು, ಭಯಬಿದ್ದು ರೆಫರ್ ಮಾಡುವುದು. ನಮ್ಮಲ್ಲಿ ಸೌಲಭ್ಯ ಇಲ್ಲ, ಸುಮ್ನೆ ರಿಸ್ಕ್ ಯಾಕೆ, ಜಯದೇವಕ್ಕೆ ಹೋಗಿ ಅಂತ ಒಂದು ಚೀಟಿ. ಇಪ್ಪತ್ತು ವರ್ಷದ ಹುಡುಗನಿಗೆ ಪಕ್ಕೆಲುಬಿನ ಹತ್ತಿರ ಒತ್ತಿದರೆ ನೋವು, ಅವನನ್ನೂ ಕಳಿಸುತ್ತೇವೆ. ಮನೆಯವರು ಕಾರು ಮಾಡಿಕೊಂಡು, ಸಾಲ ಮಾಡಿಕೊಂಡು ಬೆಂಗಳೂರಿಗೋ ಮೈಸೂರಿಗೋ ಕಲಬುರಗಿಗೋ ಹೋಗುತ್ತಾರೆ. ಅಲ್ಲಿ ಕ್ಯೂ ನಿಲ್ಲುತ್ತಾರೆ.

2025ರ ಜೂನ್–ಜುಲೈನಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿ ಬಂದಾಗ ಇದು ಎಲ್ಲರ ಕಣ್ಣಿಗೆ ಬಿತ್ತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲು ನಿಂತರು. ಸರ್ಕಾರ ಜಯದೇವದ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ನಿರ್ಧಾರವಾಯಿತು. ಸಾರ್ವಜನಿಕ ಸ್ಥಳಗಳಲ್ಲಿ, ತಟ್ಟನೆ ನಿಂತ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರ ಇಡುವ ಮಾತು ಬಂತು. ಇವೆಲ್ಲ ಒಳ್ಳೆಯವೇ. ಆದರೆ ಆ ಸಾಲಿನಲ್ಲಿ ನಿಂತ ಜನ ಕೇಳುತ್ತಿದ್ದ ಪ್ರಶ್ನೆ ಒಂದೇ: ನನಗೆ ಎದೆಯಲ್ಲಿ ಏನೋ ಆಗುತ್ತಿದೆ, ಇದು ಅಪಾಯವೋ ಅಲ್ಲವೋ? ಆ ಪ್ರಶ್ನೆಗೆ ಊರಿನ ಹತ್ತಿರದ ಆಸ್ಪತ್ರೆಯಲ್ಲೇ ನಂಬುವಂಥ ಉತ್ತರ ಸಿಗುತ್ತದೆ ಅಂತ ಅವರಿಗೆ ಅನ್ನಿಸಿದ್ದರೆ ಅಷ್ಟು ದೂರ ಯಾಕೆ ಹೋಗುತ್ತಿದ್ದರು?

ಉತ್ತರ ಕೊಡುವ ದಾರಿ ಇದೆ. ಅದು ದುಬಾರಿಯೂ ಅಲ್ಲ, ಹೊಸದೂ ಅಲ್ಲ.

ನೆದರ್ಲೆಂಡ್ಸ್‌ನ ವೈದ್ಯರಾದ ಸಿಕ್ಸ್, ಬಾಕುಸ್ ಮತ್ತು ಕೆಲ್ಡರ್ 2008ರಲ್ಲಿ ಹಾರ್ಟ್ ಸ್ಕೋರ್ ಅನ್ನುವ ಸರಳ ಲೆಕ್ಕ ಪ್ರಕಟಿಸಿದರು. ಅದಕ್ಕೂ ಮುಂಚೆ ಟಿಮಿ, ಗ್ರೇಸ್ ಅನ್ನುವ ಸ್ಕೋರುಗಳಿದ್ದವು. ಆದರೆ ಅವು ಹೃದಯದ ತೊಂದರೆ ಅಂತ ಆಗಲೇ ಗೊತ್ತಾಗಿರುವವರಿಗೆ ಮಾಡಿದವು. ಎದೆನೋವು ಅಂತ ಈಗಷ್ಟೇ ಬಾಗಿಲಲ್ಲಿ ನಿಂತವರಿಗೆ ಅಂತಲೇ ಮಾಡಿದ್ದು ಹಾರ್ಟ್ ಸ್ಕೋರ್. ಐದು ವಿಷಯ ನೋಡಬೇಕು. ರೋಗಿ ಹೇಳುವ ನೋವಿನ ವಿವರ, ಇಸಿಜಿ, ವಯಸ್ಸು, ಬಿಪಿ-ಶುಗರ್-ಧೂಮಪಾನದಂಥ ಅಪಾಯದ ಕಾರಣಗಳು, ಮತ್ತು ಟ್ರೋಪೋನಿನ್ ಅನ್ನುವ ರಕ್ತಪರೀಕ್ಷೆ. ಪ್ರತಿಯೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ. ಒಟ್ಟು ಹತ್ತು. ಹೃದಯದ ಸ್ನಾಯುಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಪ್ರೊಟೀನು ಟ್ರೋಪೋನಿನ್. ಅದು ಮಾಮೂಲಿ ಮಿತಿಯೊಳಗಿದ್ದರೆ ಸೊನ್ನೆ, ಮಿತಿಯ ಮೂರು ಪಟ್ಟಿನವರೆಗೆ ಒಂದು, ಅದಕ್ಕಿಂತ ಜಾಸ್ತಿ ಇದ್ದರೆ ಎರಡು.

2013ರಲ್ಲಿ ಅಲ್ಲಿನ ಹತ್ತು ಆಸ್ಪತ್ರೆಗಳ ಸುಮಾರು 2,400 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದ ಫಲ ಹೊರಬಂತು. ಮುಂದಿನ ಆರು ವಾರದಲ್ಲಿ ಹೃದಯಾಘಾತ, ರಕ್ತನಾಳದ ಚಿಕಿತ್ಸೆ ಅಥವಾ ಸಾವು ಎದುರಾದವರು ಎಷ್ಟು ಅಂತ ಲೆಕ್ಕ ಹಾಕಿದ್ದರು. ಮೂರು ಅಥವಾ ಅದಕ್ಕಿಂತ ಕಡಿಮೆ ಅಂಕದವರಲ್ಲಿ ನೂರಕ್ಕೆ 1.7. ನಾಲ್ಕರಿಂದ ಆರು ಅಂಕದವರಲ್ಲಿ 16.6. ಏಳು ಮತ್ತು ಮೇಲಿನವರಲ್ಲಿ 50. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ರೋಗಿಗಳು ಕಡಿಮೆ ಅಪಾಯದ ಗುಂಪಿಗೇ ಸೇರಿದ್ದರು. ಅಂದರೆ ಇಂಥ ಲೆಕ್ಕ ಕೈಯಲ್ಲಿದ್ದರೆ, ಬಂದವರಲ್ಲಿ ಬಹಳಷ್ಟು ಜನರಿಗೆ ಧೈರ್ಯವಾಗಿ ಮನೆಗೆ ಹೋಗಿ ಅಂತ ಹೇಳಬಹುದು. ಯಾರನ್ನು ಬಿಡಲೇಬಾರದು ಅನ್ನುವುದೂ ಗೊತ್ತಾಗುತ್ತದೆ.

1.7 ಅಂದರೂ ಸೊನ್ನೆ ಅಲ್ಲವಲ್ಲ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಅಮೆರಿಕದ ನಾರ್ತ್ ಕೆರೊಲಿನಾದ ವೈದ್ಯರು ಹಾರ್ಟ್ ಸ್ಕೋರಿನ ಜೊತೆಗೆ ಟ್ರೋಪೋನಿನ್ ಅನ್ನು ಎರಡು ಸಲ, ಬಂದ ಕೂಡಲೇ ಒಮ್ಮೆ ಮತ್ತು ಮೂರು ಗಂಟೆ ಬಿಟ್ಟು ಇನ್ನೊಮ್ಮೆ, ಮಾಡಿ ನೋಡಿದರು. 2015ರಲ್ಲಿ ಬಂದ ಈ ಅಧ್ಯಯನದಲ್ಲಿ 282 ರೋಗಿಗಳಿದ್ದರು. ಮಾಮೂಲಿ ಪದ್ಧತಿಯಲ್ಲಿ ನೂರಕ್ಕೆ 18 ಜನ ಬೇಗ ಮನೆಗೆ ಹೋದರೆ, ಈ ಕ್ರಮದಲ್ಲಿ ಸುಮಾರು 40 ಜನ ಹೋದರು. ಬೇಗ ಮನೆಗೆ ಹೋದವರಲ್ಲಿ ಮುಂದಿನ 30 ದಿನ ಯಾರಿಗೂ ಹೃದಯದ ದೊಡ್ಡ ತೊಂದರೆ ಆಗಲಿಲ್ಲ. ಅಧ್ಯಯನ ಚಿಕ್ಕದು, ನಿಜ. ಆದರೆ ಸ್ಕೋರು ಮತ್ತು ಎರಡನೇ ರಕ್ತಪರೀಕ್ಷೆ ಜೊತೆಯಾಗಿ ಹೋಗಬೇಕು ಅನ್ನುವ ಪಾಠ ದೊಡ್ಡದು.

ಆ ಎರಡನೇ ಪರೀಕ್ಷೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಟ್ರೋಪೋನಿನ್ ನೋವು ಶುರುವಾದ ಗಳಿಗೆಯಲ್ಲೇ ಏರುವುದಿಲ್ಲ, ಹೊತ್ತು ಹಿಡಿಯುತ್ತದೆ. ಅರ್ಧ ಗಂಟೆ ಹಿಂದೆ ನೋವು ಬಂದವರಿಗೆ ಪರೀಕ್ಷೆ ಮಾಡಿ ನೆಗೆಟಿವ್ ಅಂದರೆ ಅದಕ್ಕೆ ಹೆಚ್ಚು ಬೆಲೆ ಇಲ್ಲ. ಹಳೆಯ ಬಗೆಯ ಪರೀಕ್ಷೆಯಾದರೆ ಮೂರರಿಂದ ಆರು ಗಂಟೆ ಬಿಟ್ಟು ಮತ್ತೆ ಮಾಡಬೇಕು. ಹೆಚ್ಚು ಸೂಕ್ಷ್ಮವಾದ ಹೊಸ ಪರೀಕ್ಷೆಯಾದರೆ ಒಂದು ಅಥವಾ ಎರಡು ಗಂಟೆಯಲ್ಲೇ ಏರಿಳಿತ ನೋಡಿ ತೀರ್ಮಾನಿಸುವ ಕ್ರಮವನ್ನು ಯುರೋಪಿನ ಹೃದ್ರೋಗ ಸಂಘ ಒಪ್ಪಿದೆ. ನಮ್ಮ ಬಹಳ ಆಸ್ಪತ್ರೆಗಳಲ್ಲಿ ಇರುವುದು ಕಾರ್ಡ್ ಟೆಸ್ಟು. ಒಂದು ಹನಿ ರಕ್ತ ಹಾಕಿದರೆ ಗೆರೆ ಬರುತ್ತದೆ ಅಥವಾ ಬರುವುದಿಲ್ಲ. ಅದು ಸಂಖ್ಯೆ ಹೇಳುವುದಿಲ್ಲ. ಸಣ್ಣ ಏರಿಕೆ ಅದರ ಕಣ್ಣಿಗೆ ಬೀಳದೇ ಹೋಗಬಹುದು. ಮೂರು ಪಟ್ಟೋ ಒಂದೂವರೆ ಪಟ್ಟೋ ಅಂತ ಗೊತ್ತಾಗದೆ ಅಂಕ ಹಾಕುವುದು ಹೇಗೆ? ಆ ಕಾರ್ಡೂ ಕೆಲವು ತಿಂಗಳು ಇರುತ್ತದೆ, ಕೆಲವು ತಿಂಗಳು ಸ್ಟಾಕ್ ಇಲ್ಲ. ಮಾನ್ಯ ಸಚಿವರೇ, ಈ ಪತ್ರದಿಂದ ಒಂದೇ ಒಂದು ವಸ್ತು ಖರೀದಿಯಾಗುವುದಾದರೆ ಅದು ತಾಲ್ಲೂಕು ಮಟ್ಟದಲ್ಲಿ ಸಂಖ್ಯೆ ಕೊಡುವ ಟ್ರೋಪೋನಿನ್ ಯಂತ್ರ ಮತ್ತು ಅದಕ್ಕೆ ವರ್ಷವಿಡೀ ಸಾಕಾಗುವ ಕಿಟ್ ಆಗಿರಲಿ.

ನಮ್ಮ ರೋಗಿಗಳು ತಡವಾಗಿ ಬರುತ್ತಾರೆ ಅನ್ನುವುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಕ್ರಿಯೇಟ್ ಅಧ್ಯಯನದಲ್ಲಿ ನೋವು ಶುರುವಾದ ಮೇಲೆ ಆಸ್ಪತ್ರೆ ತಲುಪಲು ಅರ್ಧದಷ್ಟು ಜನರಿಗೆ ಆರು ಗಂಟೆಗಿಂತ ಹೆಚ್ಚು ಹಿಡಿದಿತ್ತು. ಚಿಕಿತ್ಸೆಯ ದೃಷ್ಟಿಯಿಂದ ಇದು ತುಂಬಾ ಕೆಟ್ಟದ್ದು. ಆದರೆ ಪರೀಕ್ಷೆಯ ದೃಷ್ಟಿಯಿಂದ, ಆರು ಗಂಟೆ ಆದವರ ಮೊದಲ ಟ್ರೋಪೋನಿನ್ನಿಗೇ ಹೆಚ್ಚು ಅರ್ಥ ಇರುತ್ತದೆ. ಅದಕ್ಕೇ ನೋವು ಎಷ್ಟು ಗಂಟೆಗೆ ಶುರುವಾಯಿತು, ರಕ್ತ ಎಷ್ಟು ಗಂಟೆಗೆ ತೆಗೆದೆವು ಅನ್ನುವ ಎರಡು ಸಮಯಗಳನ್ನು ಕೇಸ್ ಶೀಟಿನಲ್ಲಿ ಬರೆಯಲೇಬೇಕು. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಆದರೂ ಬಹಳ ರೆಫರಲ್ ಚೀಟಿಗಳಲ್ಲಿ ಇದು ಇರುವುದಿಲ್ಲ.

ಡಚ್ಚರ ಸ್ಕೋರನ್ನು ಹಾಗೇ ಎತ್ತಿ ತಂದು ನಮ್ಮ ಗೋಡೆಗೆ ಅಂಟಿಸಿದರೆ ಸಾಲದು ಅನ್ನುವುದನ್ನೂ ಅಷ್ಟೇ ಒತ್ತಿ ಹೇಳಬೇಕು. ಆ ಸ್ಕೋರಿನಲ್ಲಿ 45 ವರ್ಷದೊಳಗಿನವರಿಗೆ ವಯಸ್ಸಿನ ಅಂಕ ಸೊನ್ನೆ. 45ರಿಂದ 64 ಆದರೆ ಒಂದು. ನಮ್ಮಲ್ಲಿ ಹೃದಯಾಘಾತ ಬೇಗ ಬರುತ್ತದೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಭಾರತವೂ ಸೇರಿ ದಕ್ಷಿಣ ಏಷ್ಯಾದ ಐದು ದೇಶಗಳಲ್ಲಿ ಮೊದಲ ಹೃದಯಾಘಾತದ ಸರಾಸರಿ ವಯಸ್ಸು 53 ಇತ್ತು. ಉಳಿದ ದೇಶಗಳಲ್ಲಿ ಅದು 58.8. ಜಯದೇವದಲ್ಲಿ ಚಿಕ್ಕ ವಯಸ್ಸಿನ ಹೃದ್ರೋಗಿಗಳದ್ದೇ ಪ್ರತ್ಯೇಕ ದಾಖಲೆ ಇಡಬೇಕಾಗಿ ಬಂದಿದೆ. ಹೀಗಿರುವಾಗ 38 ವರ್ಷದ ಲಾರಿ ಚಾಲಕ ಎದೆ ಬಿಗಿ ಅಂತ ಬಂದರೆ, ವಯಸ್ಸಿಗೆ ಸೊನ್ನೆ ಹಾಕಿ ನಾವು ನಿರಾಳವಾಗಿ ಕೂರಬಹುದೇ?

ತಂಬಾಕಿನದೂ ಹಾಗೇ. ಅಲ್ಲಿನ ಲೆಕ್ಕದಲ್ಲಿ ಸಿಗರೇಟು ಸೇದುತ್ತೀರಾ ಅಂತ ಕೇಳುತ್ತಾರೆ. ನಮ್ಮಲ್ಲಿ ಬೀಡಿ ಇದೆ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಇದೆ, ಗುಟ್ಕಾ ಇದೆ, ಕಡ್ಡಿಪುಡಿ ಇದೆ. ಇವುಗಳನ್ನು ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ, ಹೆಂಗಸರಂತೂ ಹೇಳುವುದೇ ಇಲ್ಲ. ಅಗಿಯುವ ತಂಬಾಕೂ ಹೃದಯಾಘಾತದ ಅಪಾಯವನ್ನು ಸುಮಾರು ಎರಡು ಪಟ್ಟು ಮಾಡುತ್ತದೆ ಅಂತ ಅದೇ ಇಂಟರ್‌ಹಾರ್ಟ್ ತೋರಿಸಿದೆ. ನಮ್ಮ ನಮೂನೆಯಲ್ಲಿ ಅದಕ್ಕೊಂದು ಖಾನೆ ಇರಲೇಬೇಕು.

ಇನ್ನು ಶುಗರ್ ಇದೆಯಾ ಅಂತ ಕೇಳಿದರೆ ಬರುವ ಉತ್ತರ, ಇಲ್ಲ ಸಾರ್. ಯಾವಾಗ ಚೆಕ್ ಮಾಡಿಸಿದ್ರಿ? ಮಾಡಿಸೇ ಇಲ್ಲ. ಇದನ್ನು ಇಲ್ಲ ಅಂತ ಬರೆದುಕೊಂಡರೆ ಅಂಕ ಸೊನ್ನೆ. ಪರೀಕ್ಷೆಯನ್ನೇ ಮಾಡಿಸಿಕೊಳ್ಳದ ಬಡವರು ಕಾಗದದ ಮೇಲೆ ಆರೋಗ್ಯವಂತರಾಗಿ ಕಾಣುತ್ತಾರೆ. ಈ ಸ್ಕೋರು ಹುಟ್ಟಿದ ನಾಡಿನಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಕುಟುಂಬ ವೈದ್ಯರಿರುತ್ತಾರೆ, ಹಳೆಯ ದಾಖಲೆ ಇರುತ್ತದೆ. ನಮ್ಮಲ್ಲಿ ಇಲ್ಲ. ಹಾಗಾಗಿ ಎದೆನೋವು ಅಂತ ಬಂದ ಪ್ರತಿಯೊಬ್ಬರಿಗೂ ಅಲ್ಲೇ ಬೆರಳು ಚುಚ್ಚಿ ಶುಗರ್ ನೋಡಬೇಕು, ಬಿಪಿ ನೋಡಬೇಕು, ಗೊತ್ತಿಲ್ಲ ಅನ್ನುವ ಉತ್ತರಕ್ಕೆ ಸೊನ್ನೆ ಹಾಕಬಾರದು ಅಂತ ನಿಯಮವೇ ಇರಬೇಕು.

ಹೆಂಗಸರ ವಿಷಯ ಬೇರೆಯಾಗಿಯೇ ಹೇಳುತ್ತೇನೆ. ಸ್ಕೋರಿನಲ್ಲಿ ಮೊದಲ ಎರಡು ಅಂಕ ರೋಗಿ ಹೇಳುವ ವಿವರಕ್ಕೆ. ಎದೆ ಮೇಲೆ ಕಲ್ಲು ಇಟ್ಟ ಹಾಗೆ ಭಾರ, ನಡೆದರೆ ಜಾಸ್ತಿ, ಕೂತರೆ ಕಡಿಮೆ, ಎರಡೂ ರಟ್ಟೆಗೆ ಅಥವಾ ದವಡೆಗೆ ಸೆಳೆತ, ಮೈಯೆಲ್ಲ ಬೆವರು ಅಂದರೆ ಪೂರ್ತಿ ಅಂಕ. ಆದರೆ ಹೆಂಗಸರು, ವಯಸ್ಸಾದವರು, ಬಹಳ ವರ್ಷದಿಂದ ಶುಗರ್ ಇರುವವರು ಎಷ್ಟೋ ಸಲ ಹೀಗೆ ಹೇಳುವುದಿಲ್ಲ. ಸುಸ್ತು ಅಂತಾರೆ. ಉಸಿರು ಕಟ್ಟುತ್ತೆ, ಬೆನ್ನು ಹಿಡಿದುಕೊಂಡಿದೆ, ವಾಂತಿ ಬಂದ ಹಾಗೆ ಆಗುತ್ತೆ ಅಂತಾರೆ. ನಮ್ಮಲ್ಲಿಗೆ ಬಂದ ಮಧ್ಯವಯಸ್ಸಿನ ಒಬ್ಬ ತಾಯಿ ಎರಡು ದಿನದಿಂದ ಬೆನ್ನು ನೋವು, ಮನೆ ಕೆಲಸ ಜಾಸ್ತಿ ಆಗಿತ್ತು ಅಂದರು. ಮೊದಲ ಇಸಿಜಿ ಸರಿ ಇತ್ತು. ಮನೆಗೆ ಹೋಗುತ್ತೇನೆ, ಹಾಲು ಕರೆಯಬೇಕು ಅಂತ ಹಟ ಹಿಡಿದರು. ನಮ್ಮ ಸಿಸ್ಟರ್ ಒಬ್ಬರು ಪಕ್ಕದಲ್ಲಿ ಕೂತು ಮಾತಾಡಿಸಿ ಇನ್ನೊಂದು ಗಂಟೆ ಉಳಿಸಿಕೊಂಡರು. ಎರಡನೇ ಇಸಿಜಿಯಲ್ಲಿ ಎಸ್‌ಟಿ ಗೆರೆ ಕೆಳಗಿಳಿದಿತ್ತು. ಅವರು ಸರಿಯಾದ ಹೊತ್ತಿಗೆ ದೊಡ್ಡ ಆಸ್ಪತ್ರೆ ತಲುಪಿದರು. ಅವರನ್ನು ಉಳಿಸಿದ್ದು ನಿಯಮ ಅಲ್ಲ, ಆ ದಿನ ಆ ಸಿಸ್ಟರ್ ಡ್ಯೂಟಿಯಲ್ಲಿದ್ದದ್ದು. ಹಾಗೆ ಆಗಬಾರದು ಅಲ್ವಾ?

ಇದು ನಮ್ಮ ಊರಿನ ಕೊರತೆ ಮಾತ್ರ ಅಂತ ಯಾರೂ ಅಂದುಕೊಳ್ಳುವುದು ಬೇಡ. 2000ದಲ್ಲಿ ಅಮೆರಿಕದ ಹತ್ತು ಆಸ್ಪತ್ರೆಗಳ ಹತ್ತು ಸಾವಿರಕ್ಕೂ ಹೆಚ್ಚು ತುರ್ತು ರೋಗಿಗಳ ಅಧ್ಯಯನ ಬಂತು. ಹೃದಯಾಘಾತ ಆಗಿದ್ದವರಲ್ಲಿ ನೂರಕ್ಕೆ ಇಬ್ಬರನ್ನು ಗುರುತಿಸದೆ ಮನೆಗೆ ಕಳಿಸಲಾಗಿತ್ತು. ಹಾಗೆ ಹೋದವರ ಸಾವಿನ ಅಪಾಯ ದಾಖಲಾದವರಿಗಿಂತ ಸುಮಾರು ಎರಡು ಪಟ್ಟು. ಹೃದಯಾಘಾತವೋ ಅದರ ಮುನ್ಸೂಚನೆಯೋ ಇದ್ದೂ ಮನೆಗೆ ಹೋದವರಲ್ಲಿ 55 ವರ್ಷದೊಳಗಿನ ಹೆಂಗಸರು, ಬಿಳಿಯರಲ್ಲದವರು ಮತ್ತು ಇಸಿಜಿ ನಾರ್ಮಲ್ ಇದ್ದವರು ಹೆಚ್ಚಾಗಿದ್ದರು. ಎಲ್ಲ ಯಂತ್ರಗಳೂ ಇರುವ ಆಸ್ಪತ್ರೆಗಳಲ್ಲೇ ಹೀಗೆ.

ಸ್ಕೋರು ಹೇಳುವುದು ಹೃದಯದ ರಕ್ತನಾಳದ ಅಪಾಯ ಮಾತ್ರ ಅನ್ನುವುದನ್ನೂ ನಮೂನೆಯಲ್ಲೇ ಅಚ್ಚು ಹಾಕಬೇಕು. ಮಹಾಪಧಮನಿ ಸೀಳಿದರೂ ಎದೆ ನೋಯುತ್ತದೆ. ಶ್ವಾಸಕೋಶಕ್ಕೆ ಹೆಪ್ಪು ಹೋದರೂ, ಶ್ವಾಸಕೋಶ ಒಡೆದು ಗಾಳಿ ತುಂಬಿದರೂ ನೋಯುತ್ತದೆ. ಎರಡೂ ಕೈಯಲ್ಲಿ ಬಿಪಿ ನೋಡುವುದು, ಆಕ್ಸಿಜನ್ ಪ್ರಮಾಣ ನೋಡುವುದು, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳುವುದು ಇವು ಅಂಕಕ್ಕಿಂತ ಮೊದಲು ಆಗಬೇಕು.

ಸ್ಟೆಮಿ ಅಲ್ಲದ ಹೃದಯಾಘಾತಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ನು ಕೊಡುವುದಿಲ್ಲ. ಕೊಟ್ಟರೆ ಲಾಭಕ್ಕಿಂತ ಹಾನಿಯೇ ಹೆಚ್ಚು. ಇವರಿಗೆ ಬೇಕಾದದ್ದು ಆಸ್ಪಿರಿನ್, ಹೆಪಾರಿನ್‌ನಂಥ ಔಷಧ, ನಿಗಾ, ಮತ್ತು ಅಪಾಯ ಹೆಚ್ಚಿದ್ದರೆ ಒಂದು ದಿನದೊಳಗೆ ಆಂಜಿಯೋಗ್ರಾಂ. ಹಾಗಾಗಿ ಹೃದಯ ಜ್ಯೋತಿಗೆ ಎರಡನೇ ದಾರಿಯೊಂದನ್ನು ಸೇರಿಸಿ. ಇಸಿಜಿ ಕಳಿಸಿದ ಕೂಡಲೇ ಸ್ಟೆಮಿ ಹೌದೋ ಅಲ್ಲವೋ ಅಂತ ಹೇಳಿ ಮುಗಿಸುವ ಬದಲು, ಅಲ್ಲ ಅಂದವರ ಹಾರ್ಟ್ ಸ್ಕೋರ್, ಎರಡನೇ ಇಸಿಜಿ, ಎರಡನೇ ಟ್ರೋಪೋನಿನ್ ಕೂಡ ಅದೇ ದಾರಿಯಲ್ಲಿ ಹೃದ್ರೋಗ ತಜ್ಞರಿರುವ ಹಬ್ ಆಸ್ಪತ್ರೆಗೆ ಹೋಗಲಿ. ಏಳು ಮತ್ತು ಮೇಲಿನ ಅಂಕದವರಿಗೆ ಸ್ಟೆಮಿಯವರ ಹಾಗೆಯೇ 108 ಆಂಬುಲೆನ್ಸ್ ಬರಲಿ, ಮಂಚ ಕಾದಿರಲಿ. ನಾಲ್ಕರಿಂದ ಆರು ಅಂಕದವರು ನಮ್ಮಲ್ಲೇ ರಾತ್ರಿ ಕಳೆಯಲಿ. ಅದಕ್ಕೆ ಮಾನಿಟರ್ ಇರುವ ಎರಡು ಮಂಚ ಕ್ಯಾಶುಯಾಲ್ಟಿ ಪಕ್ಕದಲ್ಲೇ ಬೇಕು. ಈಗ ಆರು ಗಂಟೆ ನಿಗಾದಲ್ಲಿಡಿ ಅಂತ ಬರೆದರೆ ರೋಗಿ ಕೂರುವುದು ಕಾರಿಡಾರಿನ ಬೆಂಚಿನ ಮೇಲೆ.

ಮೂರು ಅಂಕದೊಳಗಿನವರನ್ನು ಮನೆಗೆ ಕಳಿಸುವಾಗ ಕೈಗೊಂದು ಕನ್ನಡದ ಹಾಳೆ ಕೊಡಬೇಕು. ಇವತ್ತು ಏನೇನು ಪರೀಕ್ಷೆ ಆಯಿತು, ನೋವು ಮತ್ತೆ ಹೇಗೆ ಬಂದರೆ ತಕ್ಷಣ ವಾಪಸ್ ಬರಬೇಕು, ಯಾವ ದಿನ ಒಪಿಡಿಗೆ ಬಂದು ಬಿಪಿ, ಶುಗರ್, ಕೊಲೆಸ್ಟ್ರಾಲ್ ತೋರಿಸಬೇಕು ಅಂತ ದೊಡ್ಡ ಅಕ್ಷರದಲ್ಲಿ ಇರಬೇಕು. ಇಸಿಜಿಯ ಪ್ರತಿಯೂ ಜೊತೆಗಿರಬೇಕು. ಮುಂದಿನ ಸಲ ನೋವು ಬಂದಾಗ ಹೋಲಿಸಿ ನೋಡಲು ಹಳೆಯ ಇಸಿಜಿಯಷ್ಟು ಉಪಯೋಗಕ್ಕೆ ಬರುವುದು ಬೇರೊಂದಿಲ್ಲ.

ನನ್ನ ಸಹೋದ್ಯೋಗಿಗಳ ಪರವಾಗಿಯೂ ಒಂದು ಮಾತು. ನೆದರ್ಲೆಂಡ್ಸ್‌ನಲ್ಲೇ 2017ರಲ್ಲಿ ಒಂಬತ್ತು ಆಸ್ಪತ್ರೆಗಳ ಅಧ್ಯಯನವೊಂದು ಬಂತು. ಹಾರ್ಟ್ ಸ್ಕೋರ್ ಬಳಸುವುದು ಸುರಕ್ಷಿತ ಅಂತ ಅದು ತೋರಿಸಿತು. ಆದರೆ ಖರ್ಚು, ದಾಖಲಾತಿ ಹೆಚ್ಚೇನೂ ಕಡಿಮೆ ಆಗಲಿಲ್ಲ. ಕಾರಣ, ಅಂಕ ಕಡಿಮೆ ಇದ್ದರೂ ವೈದ್ಯರಿಗೆ ಮನೆಗೆ ಕಳಿಸಲು ಧೈರ್ಯ ಸಾಲಲಿಲ್ಲ. ಅಲ್ಲೇ ಹಾಗಾದರೆ, ರೋಗಿ ತೀರಿಕೊಂಡರೆ ಆಸ್ಪತ್ರೆಯ ಗಾಜು ಒಡೆಯುವ, ವೈದ್ಯರ ಮೇಲೆ ಕೈ ಮಾಡುವ ಕಡೆ ಹೇಗಿರಬೇಡ? ಒಬ್ಬನೇ ಡ್ಯೂಟಿಯಲ್ಲಿರುವ, ಹೊಸದಾಗಿ ಎಂಬಿಬಿಎಸ್ ಮುಗಿಸಿ ಬಂದ ಹುಡುಗನೋ ಹುಡುಗಿಯೋ ರಾತ್ರಿ ಮೂರು ಗಂಟೆಗೆ ಈ ತೀರ್ಮಾನ ಮಾಡಬೇಕು. ಲಿಖಿತ ಕ್ರಮವನ್ನು ಪಾಲಿಸಿ, ಸಮಯ ಬರೆದು, ಅಂಕ ಹಾಕಿ, ಹಬ್ ತಜ್ಞರ ಒಪ್ಪಿಗೆ ಪಡೆದು ಮನೆಗೆ ಕಳಿಸಿದ ವೈದ್ಯರ ಬೆನ್ನಿಗೆ ಇಲಾಖೆ ನಿಲ್ಲುತ್ತದೆ ಅಂತ ಸುತ್ತೋಲೆಯಲ್ಲೇ ಬರೆಯಿರಿ. ಆ ಒಂದು ವಾಕ್ಯ ಇಲ್ಲದಿದ್ದರೆ ಉಳಿದದ್ದೆಲ್ಲ ಇದ್ದೂ ನಾವು ರೆಫರ್ ಮಾಡುತ್ತಲೇ ಇರುತ್ತೇವೆ.

ಕೊನೆಯದಾಗಿ, ರಾತ್ರಿಯ ಇಸಿಜಿ. ಎಷ್ಟೋ ಕಡೆ ಟೆಕ್ನಿಷಿಯನ್ ಸಂಜೆ ಹೊರಟರೆ ಮರುದಿನ ಬೆಳಿಗ್ಗೆಯೇ ಬರುವುದು. 10 ನಿಮಿಷದೊಳಗೆ ಇಸಿಜಿ ಅನ್ನುವ ಮಾತು ಆಗ ಗೋಡೆಯ ಮೇಲಿನ ಬರಹವಾಗಿಯೇ ಉಳಿಯುತ್ತದೆ. ಕ್ಯಾಶುಯಾಲ್ಟಿಯ ಪ್ರತಿ ಸ್ಟಾಫ್ ನರ್ಸ್‌ಗೂ ಇಸಿಜಿ ತೆಗೆಯುವ, ಲೀಡ್ ಸರಿಯಾಗಿ ಹಾಕುವ, ಬೆನ್ನಿನ ಲೀಡೂ ಸೇರಿದ ತರಬೇತಿ ಕೊಡಿ. ಹೆಂಗಸರ ಇಸಿಜಿಗೆ ಒಂದು ಪರದೆ ಕೊಡಿ. ಪರದೆ ಇಲ್ಲ ಅಂತ ತಡವಾಗುವುದನ್ನು ನಾನು ನೋಡಿದ್ದೇನೆ. ಬಾಗಿಲಲ್ಲಿ ಚೀಟಿ ಬರೆಯುವವರಿಗೂ ಹೇಳಿ: ಎದೆನೋವು, ಉಬ್ಬಸ, ದವಡೆ ನೋವು, ತಟ್ಟನೆ ಸುಸ್ತು ಅಂತ ಬಂದವರು ಚೀಟಿಗೆ ಸಾಲಿನಲ್ಲಿ ನಿಲ್ಲಬೇಕಿಲ್ಲ, ಮೊದಲು ಇಸಿಜಿ, ಆಮೇಲೆ ಚೀಟಿ. ಇದಕ್ಕೆ ಬಜೆಟ್ ಬರುವವರೆಗೆ ಕಾಯಬೇಕಿಲ್ಲ. ಸೋಮವಾರ ಆದೇಶ ಹೊರಡಿಸಿದರೆ ಮಂಗಳವಾರದಿಂದ ಮಾಡಬಹುದು.

ಇಂತಿ,
ತಾಲ್ಲೂಕು ಆಸ್ಪತ್ರೆಯೊಂದರ ತುರ್ತು ವಿಭಾಗದ ವೈದ್ಯ